ಬಿಳಿ ಕಲ್ಲಿನ ಕೆಳಗಿನ ಹೆಸರು

ಥಿನ್ನರಿನ ವಾಸನೆ ಮೂಗಿನಿಂದ ನೇರ ನೆತ್ತಿಗೇರಿತು, ಏರಲಿ, ಕಣ್ಣು ಉರಿಯಿತು, ಉರಿಯಲಿ, ಈ ಮನೆಯಲ್ಲಿ ಉರಿಯದೆ ಉಳಿದದ್ದಾದರೂ ಏನು — ಕೃಷ್ಣರಾಜ ಬಟ್ಟೆಯನ್ನು ಬಾಟಲಿಯ ಬಾಯಿಗೆ ಒತ್ತಿ ಹಿಡಿದ, ಗೇಟಿನ ಕಂಬದ ಅಮೃತಶಿಲೆಯಲ್ಲಿ ಕೊರೆದ ಎರಡು ಹೆಸರು, ಮೇಲಿನದು ಅವನದು, ಕೆಳಗಿನದು ತಮ್ಮ ರಾಜೇಶನದು, ಕೆಳಗಿನದು ಹೋಗಬೇಕು, ಇವತ್ತೇ ಹೋಗಬೇಕು. ಬಂಗಾಳಿಗಳ ಬಾಲಿಗಂಜಿನ ಈ ಓಣಿಯಲ್ಲಿ ದುರ್ಗಾಪೂಜೆ ಹತ್ತಿರ ಬಂತೆಂದರೆ ಎಲ್ಲರೂ ಗೇಟಿನ ಕಲ್ಲಿನ ಅಕ್ಷರಗಳಿಗೆ ಹೊಸ ಕಪ್ಪು ತುಂಬುತ್ತಾರೆ, ಎದುರುಮನೆಯ ಮುಖರ್ಜಿಬಾಬು ನಿನ್ನೆ ತಾನೇ ಕುಕ್ಕರಗಾಲಲ್ಲಿ ಕೂತು ತನ್ನ ಅಜ್ಜನ ಹೆಸರನ್ನು ಮಿಂಚಿಸಿದ, ಮಿಂಚಿಸಲಿ, ಇಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ, ನೋಡುವವರು ನೋಡಿಕೊಳ್ಳಲಿ. ಸ್ಟೇಶನ್ನಿನ ಹತ್ತಿರದ ಬಣ್ಣದಂಗಡಿಯವನು ಬೆಳಿಗ್ಗೆ ಕೇಳುವ ಮೊದಲೇ ಕಪ್ಪು ಎನಾಮೆಲ್ ಡಬ್ಬಿ, ತಾರ್ಪಿನ್ ಎಣ್ಣೆಯ ಬಾಟಲಿ ಎರಡನ್ನೂ ಮುಂದಿಟ್ಟಿದ್ದ, ವರ್ಷವರ್ಷದ ಗಿರಾಕಿ ನೋಡಿ, ಕಪ್ಪು ಬೇಡ ಬಿಳಿ ಕೊಡು, ತಾರ್ಪಿನ್ ಬೇಡ ಥಿನ್ನರ್ ಕೊಡು ಅಂದರೆ ಮುಖ ಮುಖ ನೋಡುತ್ತಾನೆ, ಮಾರ್ಬಲ್‌ಗೆ ಥಿನ್ನರಾ ದಾದಾ ಅನ್ನುತ್ತಾನೆ — ಗೊತ್ತಯ್ಯಾ, ನನಗೆ ಪಾಠ ಹೇಳಬೇಡ, ಕಲ್ಲು ಬಣ್ಣ ಕುಡಿಯುತ್ತದೆ ಅಂತ ನನಗೇ ಹೇಳುತ್ತೀಯಾ, ತಾರ್ಪಿನ್ ಸಾಧು, ಹಸಿ ಬಣ್ಣವನ್ನಷ್ಟೇ ಒರೆಸುತ್ತದೆ, ಒಣಗಿ ಕೂತದ್ದರ ಮುಂದೆ ಕೈಮುಗಿದು ನಿಲ್ಲುತ್ತದೆ, ಸೀಮೆಎಣ್ಣೆಯಾದರೆ ಜಿಡ್ಡು ಉಳಿಸುತ್ತದೆ, ಜಿಡ್ಡಿನ ಮೇಲೆ ಬಿಳಿ ಹಿಡಿಯುವುದಿಲ್ಲ, ಹಳೆಯದನ್ನು ಬುಡಸಮೇತ ಕೀಳುವುದು ಥಿನ್ನರ್ ಒಂದೇ, ಇವತ್ತು ಸಾಧುವನ್ನು ಕಟ್ಟಿಕೊಂಡು ಏನಾಗಬೇಕು. ಗೊತ್ತಿದ್ದೇ ತಂದ, ಸಿಟ್ಟಿನಲ್ಲೇ ತಂದ, ಹೌದು.

ಸಿಟ್ಟು ಬರದೆ ಇನ್ನೇನು, ಅಮ್ಮನ ತಿಥಿಯ ದಿನ ಇವನು ಮಿಂದು ಮಡಿಯುಟ್ಟು ಕಿಟಕಿಯಲ್ಲಿ ನಿಂತೇ ಇದ್ದ, ರಾಜೇಶ ಊರಿನ ಆಚೆ ಬದಿಯ ಬೆಹಾಲಾದಿಂದ ಬರಬೇಕು, ಮಗಳು ಮಾನ್ಯಳ ಶಾಲೆ ಹತ್ತಿರವಾಗಲಿ ಅಂತ ಅಲ್ಲಿ ಫ್ಲ್ಯಾಟ್ ಹಿಡಿದವನು, ಬಿಬಿಡಿ ಬಾಗಿನ ಕ್ಯಾಂಟೀನು ಅವನು ನೋಡಿಕೊಂಡ, ಇಲ್ಲಿಯ ಹೋಟೆಲು ಇವನು ನೋಡಿಕೊಂಡ, ಆದರೂ ಮನೆ ಎಂದರೆ ಇದೇ, ಅಣ್ಣತಮ್ಮ ಎಂದರೆ ಒಂದೇ, ಪಾಲಾಗದ ಅಣ್ಣತಮ್ಮಂದಿರಿಗೆ ಒಂದೇ ತಿಥಿ, ಹಿರಿಯ ಮಾಡುವುದು, ಕಿರಿಯ ಪಕ್ಕದಲ್ಲಿ ಕೂತು ಕೈ ಕೂಡಿಸುವುದು, ಬೇರೆ ಬೇರೆ ಮಾಡಿದರೆ ಬೇರೆಯಾದೆವು ಅಂತಲೇ ಅರ್ಥ, ಇದು ಆ ಕತ್ತೆಗೆ ಗೊತ್ತಿಲ್ಲವೇ. ಟ್ರಾಫಿಕ್ ಇರಬೇಕು, ಬರುತ್ತಾನೆ ಬಿಡು ಎಂದುಕೊಂಡ, ಪಿಂಡವಾಯಿತು, ಬರಲಿಲ್ಲ, ಭಟ್ಟರು ಊಟಕ್ಕೆ ಕೂತರು, ಬರಲಿಲ್ಲ, ವೇದವತಿ ಮನೆಯವರಿಗೆ ಎಲೆ ಹಾಕಿದಳು, ಗಂಡನ ಪಕ್ಕದಲ್ಲಿ ಮೈದುನನಿಗೂ ಒಂದು, ನೀರು ಚಿಮುಕಿಸಿದಳು, ತುದಿಗೆ ಉಪ್ಪು ಬಡಿಸಿದಳು, ನೀರು ಆರಿತು, ಮತ್ತೆ ಚಿಮುಕಿಸಿದಳು, ಆ ಎಲೆ — ಆಗ ಕೈತೊಳೆದು ಬಂದ ಭಟ್ಟರು ಎಲೆ ನೋಡಿ, ಯಾರನ್ನು ಕಾಯುವುದು ನೀವು, ರಾಜೇಶರಲ್ಲಿಗೆ ತಿಥಿ ಮಾಡಿಸಲು ನಮ್ಮ ಮಾಣಿಯನ್ನು ಕಳಿಸಿದ್ದೇನಲ್ಲ, ಈ ವರ್ಷದಿಂದ ಅವರು ಬೇರೆಯೇ ಮಾಡ್ತಾರಂತೆ, ನಿಮಗೆ ಗೊತ್ತುಂಟು ಅಂತ ಮಾಡಿದ್ದೆ ಅಂದರು. ಗೊತ್ತುಂಟು ಅಂದ ಕೃಷ್ಣರಾಜ, ಮತ್ತೇನು ಹೇಳುವುದು, ಗೊತ್ತುಂಟು ಅಂದ, ತಲೆ ತಗ್ಗಿಸಿ ಉಂಡ, ಪಕ್ಕದಲ್ಲಿ ಆ ಎಲೆ. ಒಂದು ಮಾತು ಹೇಳಲಿಲ್ಲ ಹಲ್ಕಟ್, ಅಣ್ಣಾ ನಾನು ಬೇರೆ ಮಾಡ್ತೇನೆ ಅಂತ ಫೋನಿನಲ್ಲಾದರೂ ಒದರಬಹುದಿತ್ತು, ಇವನು ಬೈಯುತ್ತಿದ್ದ, ಬೈದು ಸುಮ್ಮನಾಗುತ್ತಿದ್ದ, ಅಷ್ಟಕ್ಕೂ ಯೋಗ್ಯನಲ್ಲವೇ ಅಣ್ಣ, ಭಟ್ಟರ ಬಾಯಿಂದ ಕೇಳಬೇಕೇ.

ಉಜ್ಜು. ಉಜ್ಜಿದ, ಕಪ್ಪು ಎದ್ದಿತು, ಒಳ್ಳೆಯದು, ಏಳಲಿ, ಈ ಅಕ್ಷರಗಳೂ ಅವನವೇ, ಕಾಗದದ ಮೇಲೆ ಬರೆದುಕೊಟ್ಟವನು ಅವನು, ಕನ್ನಡದ ಗಂಧವಿಲ್ಲದ ಇಲ್ಲಿಯ ಕಲ್ಲುಕುಟಿಗ ಗೆರೆ ಹಿಡಿದು ಹಾಗೆ ಹಾಗೆಯೇ ಕೊರೆದ, ಅಂದರೆ ಮೇಲಿನ ಹೆಸರೂ ಆ ಕಳ್ಳನ ಕೈಬರಹವೇ, ಅದನ್ನೂ ಕೀಳಲೇ, ಎಲ್ಲ ಕೀಳಲೇ. ಬಟ್ಟೆ ತಿರುವಿದ, ಇನ್ನಷ್ಟು ಸುರಿದ, ಕಪ್ಪು ಬಣ್ಣ ಅಕ್ಷರದ ಗೀರಿನಿಂದ ಹೊರಬಂತು, ಆದರೆ ಬಟ್ಟೆಗೆ ಬಾರದೆ ಕಲ್ಲಿಗೇ ಇಳಿಯಿತು, ಇಂಕು ಬಿದ್ದ ಕಾಗದದಂತೆ ಹೆಸರು ಸುತ್ತಲೂ ಹರಡಿತು, ಉಜ್ಜಿದಷ್ಟೂ ದಪ್ಪವಾಯಿತು, ಗೊತ್ತಿತ್ತಲ್ಲ, ಗೊತ್ತಿದ್ದೇ ಮಾಡಿದೆಯಲ್ಲ, ಉಜ್ಜು ಈಗ. ವೇದವತಿ ಬಾಗಿಲಿಗೆ ಬಂದು ನಿಂತಿದ್ದಾಳೆ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಎಂತ ಮಾಡ್ತಾ ಇದ್ದೀರಿ ನೀವು, ಬೇರೆ ಯಾಕೆ ಮಾಡಿದ ಅಂತ ಅವನನ್ನೇ ಕೇಳಬಹುದಿತ್ತಲ್ಲ, ಬೈಯುವುದಾದ್ರೆ ಫೋನ್ ಮಾಡಿ ಬೈದುಬಿಡಿ, ಕಲ್ಲಿಗೆ ಬೈದ್ರೆ ಅವನಿಗೆ ಕೇಳ್ತದಾ. ಒಳಗೆ ಹೋಗು ಅಂದ. ಕೇಳಬೇಕಂತೆ, ತಾನು ಕೇಳಬೇಕಂತೆ, ಹಿರಿಯನಾಗಿ ಹುಟ್ಟಿದ ತಪ್ಪಿಗೆ ಎಲ್ಲವನ್ನೂ ತಾನೇ ಹೋಗಿ ಕೇಳಬೇಕು. ಅವಳು ಹೋಗಲಿಲ್ಲ, ನಿಂತೇ ಇದ್ದಳು, ಇವನು ಬಿಳಿ ಡಬ್ಬಿಯ ಮುಚ್ಚಳ ಎಬ್ಬಿಸಿದ, ಕುಂಚ ಅದ್ದಿದ, ಬಿಳಿ ಕಲ್ಲಿನಲ್ಲಿ ಬಿಳಿ ಅಕ್ಷರ ಯಾರಿಗೂ ಕಾಣದು, ಥಿನ್ನರ್ ಆರುವ ತನಕ ಕಾಯಬೇಕು, ಯಾರು ಕಾಯುತ್ತಾರೆ, ಕಾದದ್ದು ಸಾಲದೇ, ತುಂಬಿದ, ಬಿಳಿ ಕರಗಿ ತಳದ ಕಪ್ಪಿನೊಡನೆ ಕಲಸಿಹೋಯಿತು, ಕುಂಚ ಗೀರು ಬಿಟ್ಟು ಆಚೆ ಹೋಯಿತು, ಥೂ, ಈ ಕೈಗೆ ತುಂಬಲು ಬಂದದ್ದಾದರೂ ಯಾವಾಗ, ಪ್ರತಿ ವರ್ಷ ತುಂಬುತ್ತಿದ್ದವನು ರಾಜೇಶ, ನಾಲಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ, ಅಣ್ಣಾ ಒರೆಸು, ಬೇಗ ಒರೆಸು, ಹಿಡಿದುಬಿಡ್ತದೆ ಅನ್ನುತ್ತಿದ್ದ, ರಟ್ಟಿಗೆ ಸುತ್ತಿದ ಬಟ್ಟೆಯನ್ನು ತಾರ್ಪಿನ್ನಿನಲ್ಲಿ ತೋಯಿಸಿ ಮೇಲಿನ ಹೆಚ್ಚುವರಿಯನ್ನಷ್ಟೇ ಎಳೆದು ತೆಗೆಯುವುದು ಇವನ ಕೆಲಸ, ಒಬ್ಬನಿಂದ ಆಗುವ ಕೆಲಸವಲ್ಲ ಇದು, ಒಬ್ಬ ತುಂಬಬೇಕು, ಒಬ್ಬ ಒರೆಸಬೇಕು, ಇವನಿಗೆ ಬರುವುದು ಒರೆಸುವುದೊಂದೇ. ಒರೆಸಿದ. ಹೆಸರು ಹೋಗಲಿಲ್ಲ, ಬಿಳಿಯೂ ಆಗಲಿಲ್ಲ, ಬೂದಿಯಾಯಿತು, ಮೇಲೆ ಕಪ್ಪು ಹೆಸರು, ಕೆಳಗೆ ಬೂದಿ ಹೆಸರು.

ಓಣಿಯ ತಿರುವಿನ ಬೀಗ ಬಿದ್ದ ಮನೆಯಲ್ಲಿ ಇಂಥದೊಂದು ಕಲ್ಲು ಉಂಟು, ತುಂಬುವವರಿಲ್ಲದೆ ಬೂದಿಯಾದ ಹೆಸರುಗಳು, ತೀರಿಹೋದವರವು, ಎಲ್ಲವೂ ಹೋದವರವೇ — ಚಪ್ಪಲಿಯ ಸದ್ದು, ಮುಖರ್ಜಿಬಾಬು, ಕೈಯಲ್ಲಿ ಮೀನಿನ ಚೀಲ, ಕನ್ನಡ ಓದಲು ಬಾರದಿದ್ದರೂ ಕೆಳಗಿನ ಸಾಲು ಯಾರದೆಂದು ಗೊತ್ತಿರುವವನು, ಪ್ರತಿ ವರ್ಷ ಇಬ್ಬರೂ ಬಣ್ಣ ತುಂಬುವುದನ್ನು ನೋಡಿ ನಗುತ್ತಿದ್ದವನು, ಇವತ್ತು ನಗಲಿಲ್ಲ, ಕಲ್ಲನ್ನು ನೋಡಿದ, ಕೃಷ್ಣರಾಜನ ಕೆಂಪಾದ ಕಣ್ಣುಗಳನ್ನು ನೋಡಿದ, ಬಾಗಿಲಲ್ಲಿ ಮೂಗಿಗೆ ಸೆರಗು ಒತ್ತಿ ನಿಂತ ವೇದವತಿಯನ್ನು ನೋಡಿದ, ಮೀನಿನ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, ರಾಜೇಶ್, ಕಬೇ ಹೋಲೋ ದಾದಾ ಅಂದ, ಯಾವಾಗ ಆಯಿತು ದಾದಾ. ಕೃಷ್ಣರಾಜ ಬಾಯಿ ತೆರೆದ, ಇದ್ದಾನೆ, ಗುಂಡುಕಲ್ಲಿನ ಹಾಗಿದ್ದಾನೆ ಮುಂಡೇಗಂಡ, ಬೆಹಾಲಾದಲ್ಲಿ ಕೂತು ಅನ್ನ ಉಣ್ಣುತ್ತಿದ್ದಾನೆ, ಅವನಿಗೇನೂ ಆಗಿಲ್ಲ, ಆಗಬಾರದು, ಯಾವತ್ತೂ ಆಗಬಾರದು — ಅಷ್ಟರಲ್ಲಿ ಮುಖರ್ಜಿಬಾಬು ಅವನ ಹೆಗಲ ಮೇಲೆ ಕೈಯಿಟ್ಟ, ಥಿನ್ನರ್ ಕಲ್ಲಿನ ಮೇಲಿಂದ ಇಳಿಯುತ್ತಿದೆ, ಆರುತ್ತಿದೆ, ಒದ್ದೆ ಕಲ್ಲು, ಒದ್ದೆ ಎಲೆ, ನೀರು ಚಿಮುಕಿಸಿದ ಎಲೆ, ತುದಿಗೆ ಉಪ್ಪು ಬಡಿಸಿದ ಎಲೆ, ಆರಿದ ಮೇಲೆ ಮತ್ತೆ ಚಿಮುಕಿಸಿದ ಎಲೆ, ಅದರ ಮುಂದೆ ಯಾರೂ ಇಲ್ಲ, ಆ ಎಲೆ.