ಉತ್ತರ ಬರುತ್ತಿಲ್ಲ, ಪ್ರಯತ್ನ ನಡೆದಿದೆ

ಕರ್ಸರು ಒಂದು ಸಾಲು ಕೆಳಗಿಳಿದು ನಿಂತಿತು, ನಿಂತಿತು ಅಂದರೆ ನಿಂತೇಬಿಟ್ಟಿತು, ಮಿಟುಕುವುದು ಮಾತ್ರ ಮಿಟುಕುತ್ತಿದೆ, ಒಂದಕ್ಷರ ಹೇಳುತ್ತಿಲ್ಲ, ನಾನು ಒತ್ತಿದ್ದು ಎಲ್, ಎಸ್, ಎಂಟರ್, ಆ ಫೋಲ್ಡರಿನಲ್ಲಿ ಏನೇನಿದೆ ತೋರಿಸಪ್ಪಾ ಅಂತ ಕೇಳಿದ್ದು ಅಷ್ಟೇ, ಕೇಳಬಾರದಿತ್ತು, ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಎಲ್ಲರ ಫೈಲು ಇಡುವ ಸ್ಟೋರೇಜ್ ಯಂತ್ರ ಮಾತು ಬಿಟ್ಟಾಗ ಅದರ ಫೋಲ್ಡರು ಮುಟ್ಟಬೇಡಿ, ಮುಟ್ಟಿದರೆ ನೀವೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ, ಈಗ ನೋಡು, ನಾನೇ ಮುಟ್ಟಿದೆ, ನಿಲ್ಲಿಸು ಅಂತ ಕಂಟ್ರೋಲ್ ಸಿ, ಕಂಟ್ರೋಲ್ ಸಿ, ಊಹೂಂ, ಇನ್ನೊಂದು ಕಿಟಕಿ ತೆರೆದು ಆ ಎಲ್‌ಎಸ್ಸನ್ನು ಕೊಲ್ಲು ಅಂದೆ, ಒಂಬತ್ತನೇ ನಂಬರಿನ ಕೊಲೆ, ಅದಕ್ಕೆ ಮೀರಿದ ಕೊಲೆ ಈ ಯಂತ್ರಗಳಲ್ಲಿ ಇಲ್ಲ, ಆದರೂ ಸಾಯಲಿಲ್ಲ, ಅದರ ಹೆಸರಿನ ಮುಂದೆ ಡಿ ಅಂತ ತೋರಿಸುತ್ತಿದೆ, ಡಿ ಅಂದರೆ ನಿದ್ದೆ, ಯಾರೂ ಎಬ್ಬಿಸಲಾಗದ ನಿದ್ದೆ, ಕೇಳಿದ ಪ್ರಶ್ನೆಗೆ ಉತ್ತರ ಬರುವ ತನಕ ಅದು ಬದುಕುವುದೂ ಇಲ್ಲ ಸಾಯುವುದೂ ಇಲ್ಲ — ಪರದೆಯ ಕೆಳಗೆ ಮತ್ತೆ ಅದೇ ಸಾಲು ಬಂತು, ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ, ಪ್ರಯತ್ನಿಸು ಮಾರಾಯ, ಕೂತುಕೊಂಡು ಪ್ರಯತ್ನಿಸು, ನಾನೂ ಇಲ್ಲೇ ಕೂತಿದ್ದೇನೆ.

ಕಾಲಿನ ಬೆರಳುಗಳು ಮರಗಟ್ಟಿವೆ, ಈ ಕೋಣೆಯ ಚಳಿ ಯಂತ್ರಗಳಿಗೆ ಹಿತ, ಮನುಷ್ಯರಿಗಲ್ಲ, ಮೊದಲು ಇದು ಡಬ್ಬಿಂಗ್ ಬೂತು, ಗೋಡೆಗೆಲ್ಲ ಇನ್ನೂ ಆ ಹಳೇ ಸ್ಪಂಜು, ಕಿಟಕಿಗೆ ಎರಡು ಪದರದ ಗಾಜು, ಇಲ್ಲಿ ಗಂಟಲು ಹರಿದುಕೊಂಡರೂ ಆಚೆ ಒಂದು ಸೊಲ್ಲು ಕೇಳದು, ಹೊಸ ಬೂತು ಕಟ್ಟಿಸಿದ ಮೇಲೆ ಮಾಲೀಕರು ಗಾಜಿನಾಚೆಯವರ ಜೊತೆ ಮಾತಾಡುವ ಮೈಕನ್ನೂ ಕಿತ್ತು ಒಯ್ದರು, ರೂಟಮ್ಮನಿಗೆ ಯಾರ ಹತ್ತಿರ ಮಾತು ಬೇಕು, ಅವಳ ಸಂಸಾರ ಡಬ್ಬಗಳ ಜೊತೆ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಎಲ್ಲ ಯಂತ್ರಗಳ ರೂಟ್ ಪಾಸ್‌ವರ್ಡು ನನ್ನ ಕೈಯಲ್ಲಿರುವುದಕ್ಕೆ ರೂಟಮ್ಮ, ಏನು ಬೇಕಾದರೂ ಅಳಿಸಬಲ್ಲೆ, ಯಾರನ್ನು ಬೇಕಾದರೂ ಹೊರಗೆ ಹಾಕಬಲ್ಲೆ, ಆದರೆ ನನ್ನ ಯಂತ್ರದ ಹೊಸ್ತಿಲು ದಾಟಿ ಆ ಸ್ಟೋರೇಜಿಗೆ ಕಾಲಿಟ್ಟೆನೋ, ಅದು ನನ್ನ ಹೆಸರು ಅಳಿಸಿ ನೋಬಡಿ ಅಂತ ಬರೆದುಕೊಳ್ಳುತ್ತದೆ, ಯಾರೂ ಅಲ್ಲ, ಆ ನಿಯಮ ಹಾಕಿದವಳೂ ನಾನೇ — ಗಾಜಿನಾಚೆ ರೆಕಾರ್ಡಿಂಗ್ ಕೋಣೆಯ ಕುರ್ಚಿಯಲ್ಲಿ ಚಿಕ್ಕಪ್ಪ ಕೂತಿದ್ದಾನೆ, ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಬಿಸಿನೀರಿನ ಲೋಟ, ಅವನ ಪಕ್ಕದಲ್ಲಿ ರೆಕಾರ್ಡಿಂಗ್ ಯಂತ್ರ, ಅದರ ಹಸಿರು ದೀಪ ಉರಿಯುತ್ತಿದೆ, ಉರಿಯಲಿ, ಅದು ಉರಿಯುತ್ತಿರುವಷ್ಟು ಹೊತ್ತು ಅವನ ದನಿ ಇದೆ.

ನಾಳೆ ಬೆಳಿಗ್ಗೆ ಆಪರೇಷನ್ನು, ಡಾಕ್ಟರು ಸುತ್ತಿಬಳಸಲಿಲ್ಲ, ಗಂಟಲಿನ ಪೆಟ್ಟಿಗೆ ತೆಗೆಯಲೇಬೇಕು, ಆಮೇಲೆ ಮಾತು ಇರುವುದಿಲ್ಲ, ಬೇಕಾದರೆ ಈಗಲೇ ನಾಲ್ಕು ಮಾತು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಫೋನಿನಲ್ಲಿ ಹಾಕಿಕೊಟ್ಟರೆ ಗುಂಡಿ ಒತ್ತಿ ಮಾತಾಡಬಹುದು ಅಂದರು, ಚಿಕ್ಕಪ್ಪ ನಕ್ಕ, ಡಾಕ್ಟ್ರೇ, ಇಷ್ಟು ದಿನ ಬೇರೆಯವರ ಬಾಯಿಗೆ ದನಿ ಕೊಟ್ಟೆ, ಇನ್ಮೇಲೆ ನನ್ನ ಬಾಯಿಗೆ ನಾನೇ ಡಬ್ಬಿಂಗಾ ಅಂದ, ಡಾಕ್ಟರಿಗೆ ನಗು ಬರಲಿಲ್ಲ, ನನಗೆ ಅಳು ಬಂತು, ಜೀವಮಾನವಿಡೀ ಖಳನಾಯಕನ ಬಲಗೈ ಬಂಟನಿಗೆ, ಪೊಲೀಸ್ ಪೇದೆಗೆ, ಕಾಡುಕೋಣಕ್ಕೆ, ಭೂತಕ್ಕೆ ದನಿ ಕೊಟ್ಟವನು, ಅಪ್ಪ ಸತ್ತ ಮೇಲೆ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಇದೇ ಸ್ಟುಡಿಯೋಗೆ ಬರುತ್ತಿದ್ದ, ಮೂಲೆಯಲ್ಲಿ ಕೂರಿಸಿ, ಮಗಾ, ಕೆಮ್ಮಬಾರದು, ಗಾಜಿನ ಆಚೆಯಿಂದ ಕೈ ಏನು ಹೇಳುತ್ತೋ ಅದನ್ನ ಮಾಡಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ ಅಂತಿದ್ದ, ಅವನೂ ಯಾರನ್ನೂ ಯಾಕೆ ಅಂತ ಕೇಳಿದವನಲ್ಲ, ಕೊಟ್ಟಷ್ಟು ಇಸಿದುಕೊಂಡ, ಕೂರು ಅಂದಲ್ಲಿ ಕೂತ, ತನ್ನಿಂದ ಯಾರಿಗೂ ತೊಂದರೆ ಆಗಬಾರದು ಅನ್ನುವುದೊಂದೇ ಹಟ, ಅದೊಂದು ಗುಣ ಕಂಡರೆ ನನಗೆ ಮೈ ಉರಿಯುತ್ತದೆ, ಇವತ್ತೂ ಅಷ್ಟೇ, ಸ್ಟುಡಿಯೋ ಖಾಲಿ ಇದ್ದಾಗ ಮಾತ್ರ ಬರ್ತೀನಿ ಅಂತ ಮಧ್ಯಾಹ್ನದ ಊಟದ ಹೊತ್ತು ನೋಡಿಕೊಂಡು ಬಂದ, ಒಂದೇ ಉಸಿರಿಗೆ ಕೂತು ಎಲ್ಲ ಹೇಳಿ ಮುಗಿಸಿದ, ಮುಗಿಸಿ ಎದ್ದಾಗ ಬಾಯಿ ತೆರೆದರೆ ಬರೀ ಗಾಳಿ, ಗಂಟಲು ಬಾತುಕೊಂಡಿದೆ, ಇನ್ನೊಂದು ಸಲ ಹೇಳು ಅಂದರೆ ಹೇಳುವುದಕ್ಕೆ ದನಿ ಉಳಿದಿಲ್ಲ, ಕಿವುಡ ಆಗ ಸೇವ್ ಒತ್ತಿದ, ಒತ್ತಿದ್ದೇ ತಡ ಸ್ಟೋರೇಜ್ ಮಾತು ಬಿಟ್ಟಿತು.

ಕಿವುಡ ಅಂದರೆ ನಮ್ಮ ಸೌಂಡ್ ಇಂಜಿನಿಯರು, ಕಿವಿ ಚೆನ್ನಾಗೇ ಇದೆ, ಹೆಡ್‌ಫೋನು ತೆಗೆಯುವುದಿಲ್ಲ, ಫೋನು ಎತ್ತುವುದಿಲ್ಲ, ಅದಕ್ಕೆ ಆ ಹೆಸರು, ನಡುನಡುವೆ ಸೇವ್ ಮಾಡೋ ಅಂದರೆ, ಪಾಪ ಅವ್ರು ಸುಸ್ತಾಗಿದ್ರು ಮೇಡಂ, ನಿಲ್ಲಿಸಿದ್ರೆ ಮತ್ತೆ ದನಿ ಏಳಲ್ಲ ಅಂತ ಕೊನೆಗೆ ಒಟ್ಟಿಗೆ ಮಾಡೋಣ ಅಂದ್ಕೊಂಡೆ ಅಂದ, ಬೈಯುವುದಕ್ಕೂ ಆಗಲಿಲ್ಲ, ಅವನು ಮಾಡಿದ್ದೂ ಒಳ್ಳೆಯದಕ್ಕೇ, ಹಾಗಾಗಿ ಎಲ್ಲ ಆ ಯಂತ್ರದ ಮೆಮೊರಿಯಲ್ಲಿದೆ, ಬರೀ ಮೆಮೊರಿಯಲ್ಲಿ, ಕರೆಂಟು ಇದ್ದರೆ ಉಂಟು, ಹೋದರೆ ಇಲ್ಲ, ರೀಸ್ಟಾರ್ಟ್ ಮಾಡ್ಲಾ ಮೇಡಂ, ರೀಸ್ಟಾರ್ಟ್ ಮಾಡಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಅವನು ಪವರ್ ಗುಂಡಿಯ ಹತ್ತಿರ ಕೈ ಒಯ್ದಾಗ, ಮುಟ್ಟಿದರೆ ಕೈ ಮುರೀತೀನಿ ಅಂದೆ, ಆದರೆ ಅದನ್ನು ಹೇಳಿದ್ದು ಅವನೊಬ್ಬನಿಗೆ, ಬಾಗಿಲ ಬಳಿ ಪಿಸುದನಿಯಲ್ಲಿ, ಚಿಕ್ಕಪ್ಪನಿಗೆ ಗಾಬರಿ ಆಗಬಾರದಲ್ಲ, ಅವನ ಕಿವಿಗೆ ಬಿದ್ದಿದ್ದು ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಅನ್ನುವುದಷ್ಟೇ — ಫೋನು, ಮಾಲೀಕರು, ಏನಮ್ಮಾ, ಸೀರಿಯಲ್‌ನವರು ಬಂದು ಕೂತಿದ್ದಾರೆ, ಆ ಒಂದು ಯಂತ್ರ ಬಿಟ್ಟರೆ ಇವತ್ತು ಗತಿಯಿಲ್ಲ, ನಿಮ್ಮ ಚಿಕ್ಕಪ್ಪ ನಮಗೂ ಬೇಕಾದೋರೇ, ಇಲ್ಲ ಅನ್ನಲ್ಲ, ಆದ್ರೆ ಎಷ್ಟು ಹೊತ್ತು ಅಂತ ಕಾಯೋದು, ಗೊತ್ತಿಲ್ಲ ಸಾರ್, ಗೊತ್ತಿಲ್ಲ ಅಂದ್ರೆ ಹೇಗಮ್ಮಾ, ಹಾಗೇ ಸಾರ್, ಫೋನಿಟ್ಟೆ, ಕಿವುಡನನ್ನೂ ಸೀರಿಯಲ್‌ನವರ ಹತ್ತಿರಕ್ಕೆ ಕರೆಸಿಕೊಂಡಿದ್ದಾರೆ, ಹೊರಟಾಗ ಅವನು ನನ್ನತ್ತ ನೋಡಿ ಹೆಗಲು ಕುಣಿಸಿದ, ಈಗ ಆಚೆ ಚಿಕ್ಕಪ್ಪ ಒಬ್ಬನೇ.

ಹಾರ್ಡ್ ಅಂತ ಹಾಕಿದವಳು ನಾನು, ಸ್ಟೋರೇಜನ್ನು ಈ ಯಂತ್ರಗಳಿಗೆ ಕಟ್ಟುವಾಗ ಎರಡು ದಾರಿ, ಸಾಫ್ಟ್ ಅಂದರೆ ಒಂದೆರಡು ಸಲ ಕೇಳುತ್ತದೆ, ಉತ್ತರ ಬರದಿದ್ದರೆ ಆಗಲಿಲ್ಲ ಅಂತ ಕೈಚೆಲ್ಲುತ್ತದೆ, ಹಾರ್ಡ್ ಕೈಚೆಲ್ಲುವುದಿಲ್ಲ, ಕಾಯುತ್ತದೆ, ಲೋಕ ಮುಳುಗಿದರೂ ಕಾಯುತ್ತದೆ, ಅರ್ಧ ಬರೆದು ಕೆಡಿಸುವುದಕ್ಕಿಂತ ಕಾಯುವುದೇ ಮೇಲು ಅಂತ ವಾದ ಮಾಡಿದ್ದೆ, ರೆಕಾರ್ಡಿಂಗ್ ಯಂತ್ರದಲ್ಲಿ ಯಾರೂ ಏನೂ ಇಟ್ಟುಕೊಳ್ಳಬಾರದು, ಎಲ್ಲ ಸ್ಟೋರೇಜಿಗೇ ಹೋಗಬೇಕು ಅಂತಲೂ ನನ್ನದೇ ಕಟ್ಟಪ್ಪಣೆ, ಎಷ್ಟು ಜಂಬ ಪಟ್ಟಿದ್ದೆ, ಈಗ ಬಿಟ್ಟು ಹೋಗುವ ಹಾಗಿಲ್ಲ, ಇದ್ದು ಏನೂ ಮಾಡುವ ಹಾಗಿಲ್ಲ, ನಾನು ಕಟ್ಟಿದ ಗಂಟು ನನ್ನ ಕುತ್ತಿಗೆಗೇ — ಇರಲಿ, ಕೊರಗುವುದು ಆಮೇಲೆ, ಮೊದಲಿಂದ ನೋಡೋಣ, ಪಿಂಗ್ ಮಾಡಿದರೆ ಸ್ಟೋರೇಜು ಓ ಅನ್ನುತ್ತದೆ, ಅದೇ ವಿಚಿತ್ರ, ಕರೆದರೆ ಓಗೊಡುತ್ತದೆ, ಫೈಲು ಕೇಳಿದರೆ ಬಾಯಿ ಬಿಡುವುದಿಲ್ಲ, ಹಾಗಾದರೆ ನಿನ್ನಲ್ಲಿ ಏನೇನು ಸೇವೆ ಇದೆ ಹೇಳು ಅಂದೆ, ಅಂಥದ್ದೇನೂ ಇಲ್ಲಿಲ್ಲ ಅಂತ ಬಂತು, ಇಲ್ಲಿಲ್ಲ, ಯಾಕಿಲ್ಲ, ಎದ್ದು ಹೋಗಿ ನೋಡಿದೆ, ಸ್ಟೋರೇಜ್ ನನ್ನ ಬೆನ್ನ ಹಿಂದೇ ಇದೆ, ಫ್ಯಾನು ತಿರುಗುತ್ತಿದೆ, ದೀಪಗಳೆಲ್ಲ ಸರಿ, ಅದರ ಸ್ವಂತ ಪರದೆಯಲ್ಲಿ ಕೇಳಿದರೆ ನಾನು ಆರಾಮ, ಸೇವೆ ನಡೀತಿದೆ, ಕೇಳುವವರೇ ಯಾರೂ ಬಂದಿಲ್ಲ ಅನ್ನುತ್ತದೆ, ಅಂದರೆ ನಾವು ಕೂಗುತ್ತಿರುವುದು ಇದಕ್ಕೆ ಕೇಳಿಯೇ ಇಲ್ಲ, ಹಾಗಾದರೆ ಓ ಅಂದಿದ್ದು ಯಾರು.

ಯಾರು, ಓ ಅಂದಿದ್ದು ಯಾರು, ಅವಸರ ಮಾಡಬೇಡ, ಪ್ರತಿ ಯಂತ್ರಕ್ಕೂ ನಾವು ಕೊಟ್ಟ ವಿಳಾಸ ಒಂದು, ಹುಟ್ಟುತ್ತ ತಂದ ನಂಬರು ಇನ್ನೊಂದು, ವಿಳಾಸ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹುಟ್ಟಿದ ನಂಬರು ಬದಲಾಗುವುದಿಲ್ಲ, ಓ ಅಂದವನ ಹುಟ್ಟು ನಂಬರು ತೆಗೆದು ನೋಡಿದೆ, ಸ್ಟೋರೇಜಿನದಲ್ಲ, ನಮ್ಮ ಯಾವ ಯಂತ್ರದ್ದೂ ಅಲ್ಲ, ಯಾರೋ ಹೊಸಬ ಸ್ಟೋರೇಜಿನ ವಿಳಾಸ ಹಾಕಿಕೊಂಡು ಅದರ ಹೆಸರಿನಲ್ಲಿ ಓ ಓ ಅನ್ನುತ್ತ ಕೂತಿದ್ದಾನೆ, ಮ್ಯಾನೇಜರಿಗೆ ಫೋನ್ ಮಾಡಿದೆ, ಸಾರ್, ಇವತ್ತು ಹೊಸದಾಗಿ ಏನಾದ್ರೂ ಹಾಕಿಸಿದ್ರಾ, ಹಾಂ, ಬಾಗಿಲ ಹತ್ರ ಹಾಜರಿ ಯಂತ್ರ ಬೆಳಿಗ್ಗೆ ಹಾಕಿಸಿದೆ, ಬೆರಳು ಒತ್ತೋದು, ಇನ್ಮೇಲೆ ತಡವಾಗಿ ಬಂದೋರೆಲ್ಲ ಸಿಕ್ಕಿಬೀಳ್ತಾರೆ, ಅದಕ್ಕೆ ವಿಳಾಸ ಯಾವುದು ಕೊಟ್ರಿ, ಒಂದು ಖಾಲಿ ಇತ್ತಮ್ಮಾ, ಪಿಂಗ್ ಮಾಡಿ ನೋಡೇ ಹಾಕಿದ್ದು, ನಮಗೂ ಅಷ್ಟೋ ಇಷ್ಟೋ ಗೊತ್ತು — ಖಾಲಿ ಇತ್ತಂತೆ, ಬೆಳಿಗ್ಗೆ ಫ್ಯಾನು ಬದಲಾಯಿಸಲು ನಾನು ಸ್ಟೋರೇಜನ್ನು ಸ್ವಲ್ಪ ಹೊತ್ತು ಆರಿಸಿದ್ದೆ, ಅಷ್ಟರಲ್ಲೇ ಅವರು ಬಾಗಿಲು ತಟ್ಟಿ, ಮನೆಯಲ್ಲಿ ಯಾರೂ ಇಲ್ಲ ಅಂತ ಬೇರೆಯವರನ್ನು ಒಳಗೆ ಕೂರಿಸಿ ಹೋಗಿದ್ದಾರೆ, ಆಮೇಲೆ ಒಂದಷ್ಟು ಹೊತ್ತು ಕೂಗು ಸ್ಟೋರೇಜಿಗೆ, ಒಂದಷ್ಟು ಹೊತ್ತು ಆ ಹೊಸಬನಿಗೆ, ಕಿವುಡ ಸೇವ್ ಒತ್ತಿದ ಗಳಿಗೆಯಲ್ಲಿ ಹೊಸಬನ ಪಾಳಿ, ಚಿಕ್ಕಪ್ಪನ ಜೀವಮಾನದ ಕೊನೆಯ ಮಾತುಗಳನ್ನು ತಗೋ ಅಂತ ನಮ್ಮ ಯಂತ್ರ ಒಂದು ಹಾಜರಿ ಡಬ್ಬಕ್ಕೆ ಅಂಗಲಾಚುತ್ತಿದೆ, ನಗಬೇಕೋ ಅಳಬೇಕೋ, ಎರಡೂ ಬೇಡ, ಆ ಡಬ್ಬದ ವೈರು ಬರುವುದು ಇದೇ ಕೋಣೆಗೆ, ಯಾವ ತೂತು, ಯಾವುದು, ಯಂತ್ರಗಳ ಗೂಡಿನ ಹಿಂದೆ ಬಗ್ಗಿ ಹುಡುಕಿದೆ, ಧೂಳು, ಮೊಣಕೈ ತರಚಿತು, ಹೊಸ ವೈರಿಗೆ ಮಡಿಕೆ ಬಿದ್ದಿರುವುದಿಲ್ಲ, ಕೊಳೆ ಹತ್ತಿರುವುದಿಲ್ಲ, ಇಗೋ, ನೀಲಿ, ನೆಟ್ಟಗೆ ನಿಂತಿದೆ, ಹಿಡಿದೆ, ಕಿತ್ತೆ.

ಬಂತು, ಬಂತು, ಸರ್ವರ್ ಸರಿಯಾಗಿದೆ, ಎರಡೇ ಪದ, ಸಿಕ್ಕಿಕೊಂಡಿದ್ದ ಎಲ್‌ಎಸ್ ಕೊನೆಗೂ ಸತ್ತಿತು, ಹೊಸದಾಗಿ ಕೇಳಿದರೆ ಉತ್ತರ ಹೇಳುತ್ತಿದೆ, ಅಯ್ಯೋ ನನ್ನಪ್ಪಾ, ಅಳು ಬರುತ್ತಿದೆ, ಬರಲಿ, ಕೂತೇ ಇರು, ರೆಕಾರ್ಡಿಂಗ್ ಯಂತ್ರ ಬರೆಯಲು ಶುರು ಮಾಡಿದೆ, ಒಂದೊಂದು ಮಾತಿಗೆ ಒಂದೊಂದು ಫೈಲು, ನೀರು ಕೊಡು, ಬಂತು, ಕಿಟಕಿ ತೆಗಿ, ಬಂತು, ಟೀಗೆ ಸಕ್ಕರೆ ಸಾಲದು, ಬಂತು, ನೋವಿಲ್ಲ, ಸುಳ್ಳ, ಇದನ್ನೂ ಮುಂಚೆಯೇ ಹೇಳಿಟ್ಟುಕೊಂಡಿದ್ದಾನೆ ನೋಡು, ಬಂತು, ಯಾರದು ಬಾಗಿಲಲ್ಲಿ, ಬಂತು, ನಿಧಾನ, ಎಷ್ಟು ನಿಧಾನ, ಬರಲಿ, ಒಂದೊಂದೇ ಬರಲಿ — ಗಾಜಿನಾಚೆ ಏನೋ ಅಲುಗಿತು, ಕುರ್ಚಿ ಖಾಲಿ, ಚಿಕ್ಕಪ್ಪ ಎದ್ದಿದ್ದಾನೆ, ಯಂತ್ರದ ಮುಂದೆ ಬಗ್ಗಿದ್ದಾನೆ, ಮಫ್ಲರಿನ ತುದಿ ಜೋತಿದೆ, ಲೋಟ ಎಡಗೈಯಲ್ಲಿ, ಬಲಗೈಯ ತೋರುಬೆರಳು ಗುಂಡಿಯ ಹತ್ತಿರ, ಯಾಕೆ, ಯಾಕೆ, ಸೀರಿಯಲ್‌ನವರು ಕಾಯುತ್ತಿದ್ದಾರೆ ಅಂತ ಕಿವುಡ ಹೊರಡುವಾಗ ಹೇಳಿರಬೇಕು, ತನ್ನಿಂದ ತಡ ಆಗಬಾರದಲ್ಲ, ಚಿಕ್ಕಪ್ಪಾ ಬೇಡ, ಕೂಗಿದೆ, ಸ್ಪಂಜು ನುಂಗಿತು, ಬೇಡ ಬೇಡ, ಬಾಗಿಲು ಸುತ್ತಿ ಹೋಗುವಷ್ಟರಲ್ಲಿ ಒತ್ತಿಬಿಡುತ್ತಾನೆ, ಗಾಜಿಗೆ ಬಡಿದೆ, ಅವನು ತಲೆ ಎತ್ತಿದ, ನನ್ನನ್ನು ನೋಡಿದ, ಹುಬ್ಬು ಏರಿಸಿ ಕೇಳಿದ, ಒತ್ತಲಾ, ಎರಡೂ ಅಂಗೈ ಕೆಳಮುಖ ಮಾಡಿ ಆಡಿಸಿದೆ, ಇರು, ಇರು, ತಡಿ, ಸುಮ್ಮನಿರು, ಅಂಗೈ ಕೆಳಗೆ, ಕೆಳಗೆ, ಅವನ ಮುಖ ಅರಳಿತು, ಗೊತ್ತಾಯಿತು ಅಂತ ತಲೆಯಾಡಿಸಿದ, ಆಮೇಲೆ ನನಗೆ ಗೊತ್ತಾಯಿತು, ಈ ಕಟ್ಟಡದಲ್ಲಿ ಗಾಜಿನಾಚೆಯಿಂದ ಅಂಗೈ ಕೆಳಗೆ ಒತ್ತಿದರೆ ತಡಿ ಅಂತಲ್ಲ, ಆರಿಸು ಅಂತ.

ಬೆರಳು ಗುಂಡಿಯ ಮೇಲಿದೆ, ಒತ್ತಿ ಹಿಡಿದಿದ್ದಾನೆ, ಪರದೆಯಲ್ಲಿ ಇನ್ನೊಂದು ಹೆಸರು ಬಂತು, ಸುಂಡಿಲಿ ಬಂದ್ಯಾ, ಸುಂಡಿಲಿ ಅಂದರೆ ನಾನು, ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವಾಗ ಒಳಗಿಂದ ಹಾಗೆ ಕೂಗುವವನು ಈ ಭೂಮಿಯಲ್ಲಿ ಅವನೊಬ್ಬನೇ, ಹೆಸರು ಬಂದಿದೆ, ಅದರ ಮುಂದೆ ಗಾತ್ರ ಸೊನ್ನೆ, ಒಳಗೆ ದನಿ ಬಂದಿಲ್ಲ, ಮತ್ತೆ ಕೇಳಿದೆ, ಸೊನ್ನೆ, ಮತ್ತೆ, ಸೊನ್ನೆ, ಬೆರಳು ಗುಂಡಿಯ ಮೇಲಿದೆ, ಉಗುರು ಬೆಳ್ಳಗಾಗಿದೆ, ಹಸಿರು ದೀಪ ಹೋಯಿತು, ಹೋಗಿದ್ದು ಅವನಿಗೆ ಕಾಣುವುದಿಲ್ಲ, ಅವನು ನೋಡುತ್ತಿರುವುದು ನನ್ನ ಕೈಯನ್ನು, ನನ್ನ ಕೈ ಇನ್ನೂ ಗಾಳಿಯಲ್ಲಿದೆ, ಅಂಗೈ ಕೆಳಗೆ, ಅದು ಏಳುವ ತನಕ ಅವನು ಬಿಡುವುದಿಲ್ಲ, ಯಾಕೆ ಅಂತ ಕೇಳುವುದೂ ಇಲ್ಲ, ಏಳು ಅನ್ನುತ್ತಿದ್ದೇನೆ ಕೈಗೆ, ಏಳುತ್ತಿಲ್ಲ, ಅವನು ನಗುತ್ತಿದ್ದಾನೆ, ಬೆರಳು ಗುಂಡಿಯ ಮೇಲೆ, ಉಗುರು ಬೆಳ್ಳಗೆ, ಬೆರಳು —