ಭಾನುವಾರ ಓಗೊಡದ ನಂಬರು

ಕಾಫಿ ಲೋಟದಿಂದ ಹಬೆ ಏಳುತ್ತಿದೆ, ಬರೀ ಕಾಫಿಯ ಹಬೆ ಕಣೋ, ಇದಕ್ಕೂ ಬೆಚ್ಚಿಬೀಳಬೇಕಾ, ತೌಹೀದ್ ತನಗೆ ತಾನೇ ಬೈದುಕೊಂಡು ಲೋಟವನ್ನು ಆಚೆ ಸರಿಸಿದ, ಕುಡಿಯಪ್ಪ ಆರೋಗುತ್ತೆ, ಅಂದರು ಮಹಾಲಕ್ಷ್ಮಮ್ಮ, ಗುಬ್ಬಿಯ ಈ ಪುಟ್ಟ ಮನೆಯಲ್ಲಿ ವಿಭೂತಿಯ ವಾಸನೆ, ಅದರ ಮೇಲೆ ಸುಟ್ಟಗಾಯದ ಮುಲಾಮಿನ ವಾಸನೆ, ಎದುರಿಗೆ ಮಂಚದ ಮೇಲೆ ಅವರ ಯಜಮಾನರು ಗುರುಸಿದ್ದಯ್ಯ, ಎರಡೂ ಕಣ್ಣಿಗೆ ಬಿಳಿ ಪಟ್ಟಿ — ಅಂತರಸನಹಳ್ಳಿಯ ರಬ್ಬರ್ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ರಬ್ಬರು ಬೇಯಿಸುವ ಹಬೆಯ ಡ್ರಮ್ಮು ಕಾದವರು, ಒಂದು ದಿನ ಕೈಗೆ ಬೊಬ್ಬೆ ಎಬ್ಬಿಸಿಕೊಂಡವರಲ್ಲ — ಹೇಳಿಬಿಡಬೇಕು, ಹೇಳುವುದಕ್ಕೇ ಬಂದಿದ್ದು, ತುಮಕೂರಿನಿಂದ ಬಸ್ಸಿನಲ್ಲಿ ಬರುವಾಗ ಎಷ್ಟು ಸಲೀಸಾಗಿ ಜೋಡಿಸಿಕೊಂಡಿದ್ದ, ಅಣ್ಣ, ತಪ್ಪು ನಿಮ್ಮದಲ್ಲ, ನನ್ನದು, ಅಷ್ಟೇ, ಈಗ ನೋಡಿದರೆ ಲೋಟವನ್ನೇ ಆಚೀಚೆ ಸರಿಸುತ್ತಾ ಕೂತಿದ್ದಾನೆ.

ಕೆಲಸವೇನು ದೊಡ್ಡದಲ್ಲ, ಡ್ರಮ್ಮಿನೊಳಗಿನ ಹಬೆಯ ಒತ್ತಡ ಅಳೆಯುವ ಮೀಟರಿನಿಂದ ಕಂಪ್ಯೂಟರಿಗೆ ಹೋಗಿದ್ದ ಹಳೇ ಸೀರಿಯಲ್ ಕೇಬಲ್ಲು ಕಿತ್ತು, ಅಲ್ಲೊಂದು ಅಂಗೈಯಷ್ಟು ಡಬ್ಬಿ ಕೂರಿಸಿ ಆಫೀಸಿನ ನೆಟ್‌ವರ್ಕಿಗೆ ಸೇರಿಸೋದು, ಮನೆಗೆ ಡೋರ್ ನಂಬರು ಕೊಟ್ಟ ಹಾಗೆ ಅದಕ್ಕೊಂದು ಐಪಿ ನಂಬರು ಕೊಡೋದು, ಇಂಥವು ಎಷ್ಟು ಮಾಡಿಲ್ಲ ಅವನು, ಬೇಗ ಮುಗ್ಸಯ್ಯ, ನಾಳೆ ಕುಣಿಗಲ್ ಕೆಲ್ಸ ಐತೆ, ಫೋನಿನಲ್ಲಿ ಅವನ ಕಂಪ್ಯೂಟರ್ ಅಂಗಡಿಯ ಓನರ್ ಅಂಜನ್‌ಕುಮಾರ್ — ಆವತ್ತು ಭಾನುವಾರ, ಡ್ರಮ್ಮು ಓಡುತ್ತಿತ್ತು, ಆಫೀಸಿಗೆ ಬೀಗ, ಇಪ್ಪತ್ತೈದು ಅನ್ನೋ ನಂಬರು ಖಾಲಿ ಇದೆಯಾ ಅಂತ ಲ್ಯಾಪ್‌ಟಾಪಿನಿಂದ ಕೂಗಿ ನೋಡಿದ, ಯಾರೂ ಓಗೊಡಲಿಲ್ಲ, ಸರಿ, ಖಾಲಿ ಅಂದುಕೊಂಡ, ಅಯ್ಯೋ ಮಂಕೇ, ಬೀಗ ಹಾಕಿದ ಮನೆಯ ಬಾಗಿಲು ತಟ್ಟಿ ಇಲ್ಲಿ ಯಾರೂ ವಾಸವಿಲ್ಲ ಅನ್ನೋದಾ, ಆ ನಂಬರು ಅಕೌಂಟ್ಸ್‌ನ ಸುಮನಾಳ ಪ್ರಿಂಟರಿನದು, ರಜೆಯ ದಿನ ಅದರ ಸ್ವಿಚ್ಚು ಆಫ್. ಹಳೇ ಕೇಬಲ್ಲು ಕಿತ್ತರೆ ಕಂಪ್ಯೂಟರು ಕೀಂಯ್ ಅಂತ ಕಿರುಚುತ್ತಿತ್ತು, ಡಬ್ಬಿ ಬಂದ ಮೇಲೆ ಕಿರುಚುವುದಿಲ್ಲ, ಮೀಟರಿನಿಂದ ಸುದ್ದಿ ಬಾರದಿದ್ದರೆ ಸುಮ್ಮನೆ ಸೊನ್ನೆ ತೋರಿಸುತ್ತದೆ, ಹಬೆ ಇಲ್ಲದಿದ್ದರೂ ಸೊನ್ನೆ, ಸುದ್ದಿಯೇ ಇಲ್ಲದಿದ್ದರೂ ಸೊನ್ನೆ, ಕರೀ ಪರದೆಯ ಮೇಲೆ ಹಸಿರು ಸೊನ್ನೆ — ಅದೂ ಗೊತ್ತಿತ್ತು ಅವನಿಗೆ, ಇನ್ನೊಂದು ದಿನ ಬಂದು ಸರಿ ಮಾಡಿದರಾಯ್ತು ಅಂತ ಬಿಟ್ಟಿದ್ದ.

ಗುರುಸಿದ್ದಯ್ಯನವರದು ಒಂದು ಪದ್ಧತಿ, ಮುಚ್ಚಳ ತೆಗೆಯುವ ಮುಂಚೆ ಡ್ರಮ್ಮಿನ ಪಕ್ಕದ ಪುಟ್ಟ ನಲ್ಲಿ ಚೂರು ತಿರುಗಿಸಿ ಕಿವಿ ಕೊಡುತ್ತಿದ್ದರು, ಒಳಗೆ ಉಸಿರು ನಿಂತೈತಾ ಕೇಳ್ಕಬೇಕು ಕಣಪ್ಪ, ತೊಟ್ಲಲ್ಲಿ ಕೂಸು ಮಲಗೈತಾ ಅಂತ ನೋಡಲ್ವಾ ಹಂಗೆ, ಆ ಭಾನುವಾರ ಇವನು ನಕ್ಕಿದ್ದ, ಇನ್ನೂ ಯಾವ ಕಾಲದಲ್ಲಿದೀರಣ್ಣ, ಕಂಪ್ಯೂಟರಲ್ಲಿ ಸೊನ್ನೆ ಬಂತಾ, ತೆಗೀರಿ, ಆ ನಲ್ಲಿ ಸಾವಾಸ ಯಾಕೆ, ಸುತ್ತ ನಿಂತವರೆಲ್ಲ ನಕ್ಕರು, ಅವರೂ ನಾಚಿಕೊಂಡು ನಕ್ಕರು — ಯಾಕೆ ಆಡಬೇಕಿತ್ತು ಆ ಮಾತು, ಯಾರು ಕೇಳಿದ್ದರು ನಿನ್ನನ್ನ — ಸೋಮವಾರ ಒಂಬತ್ತಕ್ಕೆ ಸುಮನಾ ಬಂದು ಪ್ರಿಂಟರ್ ಹಾಕಿದಳು, ಒಂದು ನಂಬರಿಗೆ ಇಬ್ಬರಾದರು, ಡಬ್ಬಿಯ ದನಿ ಕಟ್ಟಿತು, ಒಳಗೆ ಹಬೆ, ಪರದೆಯಲ್ಲಿ ಸೊನ್ನೆ, ಅವರು ನಲ್ಲಿ ಮುಟ್ಟಲಿಲ್ಲ, ಮುಚ್ಚಳ ತೆಗೆದರು. ಎಲ್ಲರೂ ಆಸ್ಪತ್ರೆಗೆ ಓಡಿದ್ದಾಗ ಇವನು ಸುದ್ದಿ ಕೇಳಿ ಓಡಿಬಂದು ಖಾಲಿ ರೂಮಿನಲ್ಲಿ ಕೂತು ಡಬ್ಬಿಯ ನಂಬರು ಇಪ್ಪತ್ತೈದನ್ನು ಎಂಬತ್ತೊಂದು ಮಾಡಿದ, ಅರ್ಧ ನಿಮಿಷ ಹಿಡಿಯಲಿಲ್ಲ, ಅಂಕಿ ಸರಿಯಾಗಿ ಬಂತು, ಆಮೇಲೆ ಯಾರು ಪರೀಕ್ಷಿಸಿದರೂ ಎಲ್ಲ ಸರಿ, ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ಇಲ್ಲಿ ಮಾಡಿದವನೊಬ್ಬ ಉಂಡವನೊಬ್ಬ, ಮೂರು ವಾರದಿಂದ ಕಣ್ಣು ಮುಚ್ಚಿದರೆ ಅದೇ ಹಸಿರು ಸೊನ್ನೆ, ಕುಣಿಗಲ್ಲಿನ ಕೆಲಸಕ್ಕೆ ಹೋದರೆ ಅಲ್ಲಿನ ಪರದೆಯಲ್ಲೂ ಅದೇ.

ನಿದ್ದೇಲೂ ಸೊನ್ನೆ ಸೊನ್ನೆ ಅಂತ ಕನವರಿಸ್ತಾರಪ್ಪ, ಮಹಾಲಕ್ಷ್ಮಮ್ಮ ಗಂಡನ ಹೊದಿಕೆ ಸರಿಮಾಡುತ್ತಾ ಹೇಳುತ್ತಿದ್ದಾರೆ, ಫ್ಯಾಕ್ಟ್ರಿಯೋರು ಬರ್ಕೊಂಡವ್ರೆ, ಇವ್ರೇ ತೂಕಡಿಸ್ಕೊಂಡು ತೆಗುದ್ರು ಅಂತ, ಅದಕ್ಕೆ ಗುರುಸಿದ್ದಯ್ಯ, ಬುಡೇ, ಇದ್ರೂ ಇರ್ಬೋದು, ವಯಸ್ಸಾಯ್ತು, ನನ್ ಕಣ್ಣೇ ಮೋಸ ಮಾಡ್ತು, ಇಲ್ದಿದ್ ಸೊನ್ನೆ ಕಂಡಂಗಾಯ್ತು, ಅಂಥ ಕಣ್ಣು ಇದ್ರೆಷ್ಟು ಹೋದ್ರೆಷ್ಟು — ಬೇಡಣ್ಣ, ಹಾಗನ್ನಬೇಡಿ, ತೌಹೀದ್ ಮಂಚದ ಹತ್ತಿರ ಸರಿದ, ಕಣ್ಣಂತೂ ಹೋಯಿತು, ಆ ಕಣ್ಣು ಕಂಡ ಸತ್ಯವನ್ನೂ ಇವರೇ ಸುಳ್ಳು ಅಂದುಕೊಂಡು ಬಾಳಬೇಕಾ — ಸೊನ್ನೇನೇ ಇತ್ತಣ್ಣ, ಅಂದುಬಿಟ್ಟ, ನೀವು ನೋಡಿದ್ದು ಸರಿಯಾಗೇ ಇತ್ತು. ಹೊದಿಕೆಯ ಮೇಲಿನ ಮಹಾಲಕ್ಷ್ಮಮ್ಮನ ಕೈ ನಿಂತಿತು, ಗುರುಸಿದ್ದಯ್ಯನವರ ಸುಟ್ಟ ತುಟಿ ಅರಳಿತು, ಕೇಳಿಸ್ಕೊಂಡೇನೇ, ನಾನೇಳಿಲ್ವಾ, ತೂಕಡಿಸಿಲ್ಲ ನಾನು, ಅಂದರು, ಆಮೇಲೆ ಪಟ್ಟಿ ಕಟ್ಟಿದ ಮುಖ ಮೆಲ್ಲಗೆ ಇವನ ಕಡೆ ತಿರುಗಿತು, ಅಲ್ಲಪ್ಪ ತೌಹೀದ್, ಆವತ್ತು ಬೆಳಿಗ್ಗೆ ನೀನಲ್ಲಿ ಇರ್ಲಿಲ್ವಲ್ಲ, ನಿಂಗೆಂಗೆ ಗೊತ್ತು — ನಂಗೆ, ಅಣ್ಣ, ನಂಗೆ — ಬಾಯಿ ತೆರೆದಿದೆ, ಇಬ್ಬರೂ ಕಾಯುತ್ತಿದ್ದಾರೆ, ಕರೀ ಪರದೆ, ಹಸಿರು ಸೊನ್ನೆ, ಸೊನ್ನೆ —