ಟೋಪಿ ಕಾಯಿ

ಜುಲೈ ತಿಂಗಳ ಆ ಬೆಳಿಗ್ಗೆ ನೈರೋಬಿಯಲ್ಲಿ ಸೂರ್ಯ ಹುಟ್ಟಿದ್ದಾನೋ ಇಲ್ಲವೋ ತಿಳಿಯುವಂತಿರಲಿಲ್ಲ. ಮೋಡ ಒದ್ದೆ ಕಂಬಳಿಯಂತೆ ಸೂರುಗಳ ಮೇಲೆ ಕೂತಿತ್ತು. ಮಳೆಯೂ ಅಲ್ಲದ, ಮಂಜೂ ಅಲ್ಲದ ಒಂದು ಜಿನುಗು. ಸೌತ್ ಸಿ ಬಡಾವಣೆಯ ಆ ಮನೆಯ ಹಿತ್ತಲಲ್ಲಿ ಜಾಜಿ ಕುಕ್ಕರಗಾಲಲ್ಲಿ ಕೂತು, ಕಾಯಿ ನೆನೆಸಿದ್ದ ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಸಿದ್ದಳು.

"ಇನ್ನೂ ಒಗರು! ನಾಲಿಗೆ ಸತ್ತೋಗಿದ್ಯಾ ನಿಂಗೆ?" ಧನಂಜಯ್ ಬಾಯಿಗೆ ಹಾಕಿಕೊಂಡ ಚೂರನ್ನು ಅವಳ ಪಕ್ಕದಲ್ಲೇ ಉಗಿದ. "ಮಧ್ಯಾಹ್ನ ಗೆಸ್ಟ್‌ಗಳು ಬರ್ತಾರೆ. ಅವರ ಬಾಯಿಗೆ ಇದನ್ನ ಇಡ್ಲಾ?"

"ಇನ್ನೊಂದ್ ಕಿತ ನೀರ್ ಬದಲಾಯಿಸ್ತೀನಿ ಬುದ್ಧಿ."

"ಟ್ಯಾಂಕರ್ ನೀರು ಕಣೆ ಅದು. ನಿಮ್ಮಪ್ಪ ತಂದ್ಹಾಕ್ತಾನಾ?"

ಕಾಯಿಗಳು ಲಿಮುರು ಕಡೆಯ ಟೀ ತೋಟದಿಂದ ಬಂದಿದ್ದವು. ಬಿಳಿಯರು ಯಾವ ಕಾಲದಲ್ಲೋ ನೆಟ್ಟ ಓಕ್ ಮರಗಳವು. ಧನಂಜಯ್ ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಆ ವರ್ಷ ಮರದ ಕಾಯಿಗಳೇ ನಾಳಿನ ಅನ್ನ ಎಂದು ಹೊಳೆದಿತ್ತು. ಎರಡು ಮೂಟೆ ತಂದು ಜಾಜಿಯ ಮುಂದೆ ಸುರಿದು, "ನೀನು ಕಾಡಿನವಳಲ್ವಾ, ನಿಂಗೆ ಗೊತ್ತಿರತ್ತೆ" ಎಂದಿದ್ದ. ಮೈಸೂರು ಸೀಮೆಯ ಕಾಡಂಚಿನ ಹಾಡಿಯವಳು ಓಕ್ ಕಾಯಿಯನ್ನು ಕನಸಿನಲ್ಲೂ ಕಂಡಿರಲಿಲ್ಲ. ತಲೆಗೆ ಟೋಪಿ ಇಟ್ಟುಕೊಂಡಂತಿದ್ದ ಅದಕ್ಕೆ ಟೋಪಿ ಕಾಯಿ ಎಂದು ಹೆಸರಿಟ್ಟಳು. ಒಡೆದಳು, ಸುಲಿದಳು, ನೆನೆಸಿದಳು. ಚೆಲ್ಲಿದ ನೀರೆಲ್ಲ ಕಂದು, ಅವಳ ಬೆರಳೆಲ್ಲ ಕಪ್ಪು. ಕೆಲಸಕ್ಕೆ ಕೂರುವ ಮೊದಲು ದಿನವೂ ಒಂದು ಕಾಯನ್ನು ಕಣ್ಣಿಗೊತ್ತಿ ಮಣ್ಣಿಗೆ ಹಾಕುತ್ತಿದ್ದಳು. ಯಾವ ಸೀಮೆಯದಾದರೇನು, ಮರ ಮರವೇ, ತಾಯಿ ತಾಯಿಯೇ.

ಭಾರ್ಗವಿ ಬಾಗಿಲಿಗೆ ಬಂದಳು. ಧನಂಜಯನ ಹೆಂಡತಿ.

"ಅಕ್ಕಾವ್ರೆ," ಜಾಜಿ ತಲೆ ಎತ್ತಿದಳು. "ಮಗಳಿಗೆ ದಿನ ತುಂಬ್ತಾ ಅದೆ. ಚೊಚ್ಚಲು. ನನ್ ಪಾಸ್ಪೋರ್ಟು..."

"ಇವತ್ತಿನ ಊಟ ಮುಗೀಲಿ ಅಂದಿದ್ದೀನಲ್ಲ ಜಾಜಿ."

ದಸರಾ ಮುಗೀಲಿ ಎಂದಿದ್ದರು. ಕ್ರಿಸ್ಮಸ್ ಮುಗೀಲಿ ಎಂದಿದ್ದರು. ವಿಮಾನ ಇಳಿದ ದಿನವೇ "ಕಳ್ಕೊಂಬಿಟ್ಟೀಯ, ನಾನು ಜೋಪಾನ ಮಾಡ್ತೀನಿ" ಎಂದು ಇಸಿದುಕೊಂಡ ಪಾಸ್‌ಪೋರ್ಟು ಭಾರ್ಗವಿಯ ಬೀರುವಿನಲ್ಲಿತ್ತು. ಒಪ್ಪಿದ ಎರಡು ವರ್ಷ ಮುಗಿದು ಮೂರನೆಯದು ನಡೆಯುತ್ತಿತ್ತು.

"ಕೈಗೆ ನಿಂಬೆಹಣ್ಣು ಉಜ್ಕೋ. ಅಸಹ್ಯ ಕಾಣತ್ತೆ," ಎಂದಳು ಭಾರ್ಗವಿ.

"ಬೇಡ ಬೇಡ," ಧನಂಜಯ್ ತಡೆದ. "ಹಾಗೇ ಇರ್ಲಿ. ಅಥೆಂಟಿಕ್ ಆಗಿರತ್ತೆ."

*

ಊಟ ರಿವರ್‌ಸೈಡಿನಲ್ಲಿ, ಸಂಸ್ಥೆಯ ತೋಟದ ಸಭಾಂಗಣದಲ್ಲಿ. ಜಾಜಿಗೆ ಸೀರೆಯನ್ನು ಭುಜದ ಮೇಲೆ ಗಂಟು ಹಾಕಿ ಉಡಿಸಿದರು. ಕೊರಳಿಗೆ ರಾಶಿ ಮಣಿಸರ ಹಾಕಿದರು. ಸಂತೆಯಲ್ಲಿ ಕೊಂಡ, ಇಲ್ಲಿನ ಮಸಾಯಿ ಬುಡಕಟ್ಟಿನ ಮಣಿ.

ಚೆಬೆಟ್ ನೋಡಿ ನಕ್ಕಳು. ಬಟ್ಟೆ ಒಗೆಯಲು ಮಟಾಟು ವ್ಯಾನು ಹತ್ತಿ ಸೌತ್ ಸಿಗೆ ಬರುತ್ತಿದ್ದ ಹೆಂಗಸು. ಅಂದು ಪಾತ್ರೆ ತೊಳೆಯಲು ಅವಳನ್ನೂ ಕರೆತಂದಿದ್ದರು. ಇಬ್ಬರೂ ಆಡುತ್ತಿದ್ದುದು ಸ್ವಾಹಿಲಿ. ಉಪ್ಪೆಲ್ಲಿ, ಸೋಪೆಲ್ಲಿ ಎನ್ನುತ್ತ "ಇಕೊ ವಪಿ, ಇಕೊ ವಪಿ" ಎಂದು ಶುರುವಾದದ್ದು ಈಗ ಮಕ್ಕಳ ಮಾತು, ದೇವರ ಮಾತಿನವರೆಗೂ ಬಂದಿತ್ತು. ಆ ಮನೆಯವರಿಗೆ ಮಾತ್ರ ಸರಿ ಎನ್ನಲು ಸವಾ, ಥ್ಯಾಂಕ್ಸ್ ಎನ್ನಲು ಅಸಾಂಟೆ ಬಿಟ್ಟರೆ ಬೇರೆ ಬರದು.

"ಇದೇನೇ ಜಾಜಿ, ಮದುವೆಗೆ ಹೊರಟ್ಯೋ, ಮಾರಾಟಕ್ಕೋ?"

"ಕೊಳ್ಳೋರ್ ಇದ್ರೆ ನೀನೂ ಬಾ. ಜೊತೇಲಿ ಹೋಗೋಣ."

ಚೆಬೆಟ್ ನಗು ನಿಲ್ಲಿಸಿದಳು. ಅವಳ ಮನೆಯೂ ಒಮ್ಮೆ ಕಾಡಿನಲ್ಲಿತ್ತು. ಅದಕ್ಕೆ ಬೆಂಕಿ ಹಚ್ಚಿದವರ ಮೈಮೇಲೆ ಖಾಕಿ ಇತ್ತು.

ಟೋಪಿ ಕಾಯಿಯ ಹಿಟ್ಟಿನ ಕಡುಬು ಎಲ್ಲರಿಗೂ ಹಿಡಿಸಿತು. ಬಿಳಿಯರು, ಸೂಟು ತೊಟ್ಟ ಇಲ್ಲಿನ ಅಧಿಕಾರಿಗಳು, ಒಂದು ಮೇಜಿನ ತುಂಬ ಕನ್ನಡದವರು. ಧನಂಜಯ್ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿ ಜಾಜಿಯನ್ನು ಕರೆದ.

"ಎರಡು ಮಾತಾಡು. ಕಾಡು, ತಾಯಿ ಅಂತೆಲ್ಲ. ನಾನು ಇಂಗ್ಲಿಷಲ್ಲಿ ಹೇಳ್ತೀನಿ."

ಜಾಜಿ ಕೈಮುಗಿದಳು.

"ನಮ್ಮಪ್ಪ ನಾಕು ಗೆಣಸು ಅಗೆದ ಅಂತ ಗಾರ್ಡು ಬೂಟ್ಗಾಲಲ್ಲಿ ಒದ್ದ್ರು. ಸೊಂಟ ಮುರ್ದೋಯ್ತು. ಆಮ್ಯಾಕೆ ಹಾಡಿನೇ ಎಬ್ಬಿಸಿ ರೋಡ್ ಬದೀಗೆ ಹಾಕುದ್ರು. ನಾವ್ ತಿಂದ್ರೆ ಕಳ್ತನ. ನೀವ್ ಚಮಚದಲ್ ತಿಂದ್ರೆ ಏನಂತಾರೋ ನಂಗೊತ್ತಿಲ್ಲ."

ಧನಂಜಯನ ಮುಖದ ನಗು ಅಲುಗಲಿಲ್ಲ. ಕಾಡೇ ನಮ್ಮ ತಾಯಿ, ಮರ ನಮ್ಮನ್ನು ಎಂದೂ ಹಸಿದು ಮಲಗಿಸಿಲ್ಲ ಎನ್ನುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಕನ್ನಡದವರ ಮೇಜಿನಲ್ಲಿ, ಧನಂಜಯನ ಮನೆಗೆ ಬಂದುಹೋಗುತ್ತಿದ್ದ ಡಾಕ್ಟರ್ ಉದಯ ತಟ್ಟೆ ನೋಡುತ್ತ ಕೂತಿದ್ದ. ಆಮೇಲೆ ಅವನೂ ತಟ್ಟಿದ.

ಜಾಜಿಗೆ ಇಂಗ್ಲಿಷ್ ಬರದು. ಆದರೆ ಒದೆ ತಿಂದ ಕತೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದು ಗೊತ್ತಿತ್ತು. ಕಣ್ಣು ಮುಚ್ಚಿ ತನ್ನ ಕಾಡ ದೇವರನ್ನು ನೆನೆದಳು. ಬಾಯಿ ತೆರೆದಾಗ ಬಂದದ್ದು ಸ್ವಾಹಿಲಿ.

"ಬಾಬಾ ಯಂಗು ಅಲಿಪಿಗ್ವ." ನಮ್ಮಪ್ಪನಿಗೆ ಹೊಡೆದರು. "ವಲಿಟುಫುಕುಜ." ನಮ್ಮನ್ನು ಓಡಿಸಿದರು.

ಟ್ರೇ ಹಿಡಿದಿದ್ದ ಹುಡುಗರು ನಿಂತಲ್ಲೇ ನಿಂತರು. ಸೂಟಿನವನೊಬ್ಬ ಚಮಚ ಕೆಳಗಿಟ್ಟ.

"ಪಾಸಿಪೋಟಿ ಯಂಗು ಇಕೊ ವಪಿ?"

ಆ ಮೊದಲ ಪದ ಯಾವ ಭಾಷೆಯವರಿಗೂ ತಿಳಿಯುವಂಥದ್ದು.

"ಇಕೊ ವಪಿ?" ಅಡುಗೆಮನೆಯ ಬಾಗಿಲಲ್ಲಿ ಸೋಪಿನ ಕೈಯಲ್ಲೇ ನಿಂತಿದ್ದ ಚೆಬೆಟ್ ಕೂಗಿದಳು. ಎಲ್ಲಿದೆ? ಟ್ರೇ ಹಿಡಿದವನೊಬ್ಬ ಮೆಲ್ಲಗೆ ಅದನ್ನೇ ಅಂದ. ಇನ್ನೊಬ್ಬ ಗಟ್ಟಿಯಾಗಿ ಅಂದ.

ಅತಿಥಿಗಳಲ್ಲಿದ್ದ ರಾಯಭಾರ ಕಚೇರಿಯೊಂದರ ಬಿಳಿ ಹೆಂಗಸೊಬ್ಬಳು ಭಾರ್ಗವಿಯತ್ತ ತಿರುಗಿ ಏನೋ ಕೇಳಿದಳು. ಭಾರ್ಗವಿ ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟಳು.

*

ಕಾರಿನಲ್ಲಿ ದಾರಿಯುದ್ದಕ್ಕೂ ಧನಂಜಯ್ ಬೈದ. "ಬೇವರ್ಸಿ ಮುಂಡೆ, ರೋಡ್ ಬದೀಲಿ ಬಿದ್ದಿದ್ದವಳನ್ನ ಏರೋಪ್ಲೇನ್ ಹತ್ತಿಸಿದ್ದಕ್ಕೆ ಇದಾ? ಮೂರು ವರ್ಷ ನನ್ನುಪ್ಪು ತಿಂದಿದ್ದೀಯ!"

"ಉಪ್ಪು ಹಾಕ್ದೋಳು ನಾನೇ ಅಲ್ವಾ ಬುದ್ಧಿ."

"ಬಾಯ್ಮುಚ್ಚು! ಟಿಕೆಟ್ ಗಿಕೆಟ್ ಅಂದ್ರೆ ಹಲ್ಲು ಉದುರತ್ತೆ. ನಡ್ಕೊಂಡ್ ಹೋಗು ಮೈಸೂರಿಗೆ, ಸಮುದ್ರ ದಾಟಿ!"

ಸಂಜೆ ಜಾಜಿ ಮಣಿಸರಗಳನ್ನು ಬಿಚ್ಚಿ ಮೊಳೆಗೆ ತೂಗುಹಾಕಿದಳು. ತನ್ನ ಎರಡು ಸೀರೆ, ದೇವರ ಪಟ ಮಡಚಿ ಚೀಲಕ್ಕೆ ಹಾಕಿದಳು. ಮಗಳಿಗೆಂದು ಕೊಂಡಿದ್ದ ಬಣ್ಣಬಣ್ಣದ ಕಿಟೇಂಗೆ ಬಟ್ಟೆಯನ್ನು ಮೇಲಿಟ್ಟಳು. ಎಲ್ಲಿಗೆ ಹೋಗುವುದೋ ಅವಳಿಗೂ ತಿಳಿಯದು. ಚೆಬೆಟ್ "ನನ್ನ ಕೋಣೆಯಲ್ಲಿ ಇಬ್ಬರು ಮಲಗಬಹುದು" ಎಂದಷ್ಟೇ ಹೇಳಿ ಹೋಗಿದ್ದಳು.

"ಜಾಜೀ, ಕಾಫಿ!" ಒಳಗಿನಿಂದ ಧನಂಜಯ್ ಕೂಗಿದ.

ಜಾಜಿ ಏಳಲಿಲ್ಲ.

ಭಾರ್ಗವಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಅವಳ ಕೈ ಶಾಲಿನೊಳಗಿತ್ತು.

"ಟಿಕೀಟು, ಅಕ್ಕಾವ್ರೆ?"

ಭಾರ್ಗವಿ ಒಮ್ಮೆ ಒಳಗೆ ತಿರುಗಿ ನೋಡಿದಳು. ಗಂಡ ಮತ್ತೆ ಕೂಗಿದ. ಅವಳು ಬಾಗಿಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಶಾಲಿನೊಳಗಿನಿಂದ ನೀಲಿ ಪುಸ್ತಕ ತೆಗೆದು, ಸದ್ದಾಗದಂತೆ, ಜಾಜಿಯ ಕಪ್ಪು ಕೈಯೊಳಗೆ ಇಟ್ಟಳು.